ಊರ ಮಾತು ಊರಾಗೇ ಇರಲಿ ಅನ್ನುವವರಿಗೆ



ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರು ತಾಲೂಕಿನ ಯಾವ ಊರಿಗೆ ಹೋದರೂ ನಮ್ಮ ಕಿವಿಗೆ ಬೀಳುವ ಮಾತು ಒಂದೇ. ಕೇರಿಯ ಹುಡುಗ ಚಹಾದಂಗಡಿಯಲ್ಲಿ ನಮಗ್ಯಾಕ ಬ್ಯಾರೆ ಕಪ್ಪು ಎಂದು ಕೇಳಿದ, ಗದ್ದಲ ಆಯಿತು. ಕಬ್ಬು ಕಡಿದ ಕೂಲಿ ಕೊಡಲಿಲ್ಲ, ಮಾತಿಗೆ ಮಾತು ಬೆಳೆಯಿತು. ಕೇರಿಯ ಹೆಣ್ಣುಮಗಳ ಸೆರಗಿಗೆ ಕೈ ಹಾಕಿದರು. ಠಾಣೆಗೆ ಹೋಗುತ್ತೇವೆ ಎಂದು ನಾವು ಚಪ್ಪಲಿ ಮೆಟ್ಟಿದ ಕೂಡಲೇ ಊರ ಹಿರಿಯರು ಕೇರಿಯ ಅಂಚಿಗೆ ಬಂದು ನಿಲ್ಲುತ್ತಾರೆ. ಒಳಗೆ ಬರುವುದಿಲ್ಲ. ಅಲ್ಲಿಂದಲೇ ದನಿ ಮೆತ್ತಗೆ ಮಾಡಿ ಹೇಳುತ್ತಾರೆ: "ಊರ ಮಾತು ಊರಾಗೇ ಇರಲಿ. ಹೊರಗಿನವರ ಮುಂದ ಊರ ಮರ್ಯಾದಿ ಯಾಕ ಕಳೀತೀರಿ? ಕುಂತು ಬಗಿಹರಿಸೋಣು."

ಕುಂತು ಬಗೆಹರಿಸಿದ್ದು ಎಷ್ಟು ಅನ್ನುವುದು ನಮಗೂ ಗೊತ್ತು, ಅವರಿಗೂ ಗೊತ್ತು. ಅವರು ಕಟ್ಟೆಯ ಮೇಲೆ ಕುಂತರು, ನಾವು ಕೆಳಗೆ ನಿಂತೆವು. ತಪ್ಪು ಮಾಡಿದವರು ಅವರು, ದಂಡ ಬಿದ್ದದ್ದು ನಮಗೆ. ಊರ ಮರ್ಯಾದೆ ಅಂದರೆ ಯಾರ ಮರ್ಯಾದೆ ಎಂದು ಕೇಳಿದವನಿಗೆ ಮಾರನೆಯ ದಿನ ಕಿರಾಣಿ ಅಂಗಡಿಯಲ್ಲಿ ಉಪ್ಪು ಕೂಡ ಸಿಗಲಿಲ್ಲ.

ಇದೇ ಮಾತನ್ನು, ಇದೇ ದನಿಯಲ್ಲಿ, ದೆಲ್ಲಿಯ ಸರಕಾರ ಜಿನೀವಾ ಎಂಬ ಊರಿನಲ್ಲಿ ಹೇಳುತ್ತ ಬಂದಿದೆ. ಅಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ಇದೆ. ಅಲ್ಲಿ ನಮ್ಮ ಮಾತು ಎದ್ದಾಗಲೆಲ್ಲ ನಮ್ಮ ದೇಶದ ಸೂಟುಬೂಟಿನ ಅಧಿಕಾರಿಗಳು ಎದ್ದು ನಿಂತು 'ಜಾತಿ ನಮ್ಮ ಮನೆಯ ಒಳಗಿನ ವಿಷಯ' ಅನ್ನುತ್ತಾರೆ. ಭಾಷೆ ಇಂಗ್ಲಿಷು. ಮಾತು ಮಾತ್ರ ನಮ್ಮೂರ ಗೌಡರದೇ.

ಆದ್ದರಿಂದ ಈ ಸಲ ಆ ದೂರದ ಚಾವಡಿಯ ಬಗ್ಗೆ ಬರೆಯುತ್ತಿದ್ದೇವೆ. ಕೇರಿಯ ನಳದಲ್ಲಿ ನೀರಿಲ್ಲ, ಜಿನೀವಾದ ಮಾತು ಯಾಕೆ ಎಂದು ಕೆಲವು ಸಂಗಾತಿಗಳು ಬೈಯಬಹುದು. ಬೈಯಲಿ. ಪೂರ್ತಿ ಓದಿ ಬೈಯಲಿ.

ಮೊದಲು ಆ ಚಾವಡಿ ಏನೆಂದು ತಿಳಿದುಕೊಳ್ಳೋಣ. ವಿಶ್ವಸಂಸ್ಥೆ 1945ರಲ್ಲಿ ಹುಟ್ಟಿತು. ಈಗ ಅದರಲ್ಲಿ 193 ಸದಸ್ಯರಿದ್ದಾರೆ. ಸದಸ್ಯರು ಅಂದರೆ ಜನ ಅಲ್ಲ, ಸರಕಾರಗಳು. ಇದನ್ನು ನೆನಪಿಡಬೇಕು. ಒಂದು ಊರಿನ ಗೌಡನ ಮೇಲೆ ದೂರು ಕೊಡಲು ಹೋದರೆ ಕಟ್ಟೆಯ ಮೇಲೆ ಕುಂತ ಪಂಚರೆಲ್ಲ ಬೇರೆ ಬೇರೆ ಊರಿನ ಗೌಡರೇ ಆಗಿದ್ದರೆ ಹೇಗಿರುತ್ತದೋ ಹಾಗೆ. ಒಬ್ಬರ ತಪ್ಪನ್ನು ಇನ್ನೊಬ್ಬರು ಎತ್ತುವುದು ಕಷ್ಟ, ನಾಳೆ ತಮ್ಮ ತಪ್ಪೂ ಏಳುತ್ತದಲ್ಲ! ಐದು ದೊಡ್ಡ ದೇಶಗಳಿಗಂತೂ ಯಾವುದೇ ದೊಡ್ಡ ತೀರ್ಮಾನವನ್ನು ಒಂದೇ ಕೈ ಎತ್ತಿ ಹೊಡೆದುಹಾಕುವ ಅಧಿಕಾರ ಇದೆ. ಅಂಥವರ ಕೂಟದಿಂದ ನ್ಯಾಯ ಉದುರುತ್ತದೆ ಎಂದು ಬಾಯಿ ತೆರೆದು ನಿಲ್ಲುವ ಮಂದಿ ನಾವಲ್ಲ.

ಮಾನವ ಹಕ್ಕಿನ ವಿಷಯದಲ್ಲಿ ಆ ಸಂಸ್ಥೆಗೆ ಪೊಲೀಸರಿಲ್ಲ, ಜೈಲಿಲ್ಲ. ಅದರ ಕೈಯಲ್ಲಿ ಇರುವುದು ಕಾಗದ ಮತ್ತು ಪ್ರಶ್ನೆ. ಕೆಲಸ ನಡೆಯುವುದು ಹೀಗೆ: ಒಂದು ಒಡಂಬಡಿಕೆ ಬರೆಯುತ್ತಾರೆ. ಸರಕಾರಗಳು ಒಪ್ಪಿ ಸಹಿ ಹಾಕುತ್ತವೆ. ಸಹಿ ಹಾಕಿದ ಸರಕಾರ ಇಂತಿಷ್ಟು ವರ್ಷಕ್ಕೊಮ್ಮೆ 'ನಾವು ಇದನ್ನು ಹೀಗೆ ಪಾಲಿಸಿದ್ದೇವೆ' ಎಂದು ವರದಿ ಕೊಡಬೇಕು. ಆ ವರದಿಯನ್ನು ಒಂದು ತಜ್ಞರ ಸಮಿತಿ ಮುಂದಿಟ್ಟುಕೊಂಡು ಪ್ರಶ್ನೆ ಕೇಳುತ್ತದೆ. ಸರಕಾರದ ಮಂದಿ ಎಲ್ಲರೆದುರು ಕುಂತು ಉತ್ತರ ಹೇಳಬೇಕು. ಕೊನೆಗೆ ಸಮಿತಿ ತನ್ನ ಅಭಿಪ್ರಾಯ ಬರೆದು ಪ್ರಕಟಿಸುತ್ತದೆ. ಇಷ್ಟೇ. ಪಾಲಿಸದಿದ್ದರೆ ಶಿಕ್ಷೆ ಇಲ್ಲ, ನಾಚಿಕೆ ಮಾತ್ರ.

ನಾಚಿಕೆಯಿಂದ ಏನಾಗುತ್ತದೆ ಅನ್ನಬೇಡಿ. ಊರ ಹಿರಿಯರು ಕೇರಿಯ ಅಂಚಿಗೆ ಓಡಿ ಬರುವುದು ಪೊಲೀಸರಿಗೆ ಹೆದರಿ ಅಷ್ಟೇ ಅಲ್ಲ, ಹತ್ತೂರಿನಲ್ಲಿ ಹೆಸರು ಕೆಡುತ್ತದೆ ಅಂತ. ಸರಕಾರಗಳೂ ಹಾಗೆಯೇ.

ಇನ್ನು ಮುಂದಿನದು ನಮ್ಮ ಆಳುವ ವರ್ಗದ ಕಪಟದ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1946. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯರನ್ನು ಅಲ್ಲಿನ ಬಿಳಿಯ ಸರಕಾರ ಬೇರೆ ಇಡುವ, ಭೂಮಿ ಕೊಳ್ಳದಂತೆ ತಡೆಯುವ ಕಾನೂನು ಮಾಡಿತು. ಭಾರತ ವಿಶ್ವಸಂಸ್ಥೆಗೆ ದೂರು ಕೊಟ್ಟಿತು. ವಿಜಯಲಕ್ಷ್ಮಿ ಪಂಡಿತ್ ಭಾರತದ ಪರವಾಗಿ ವಾದಿಸಿದರು. ದಕ್ಷಿಣ ಆಫ್ರಿಕಾದ ಪ್ರಧಾನಿ ಸ್ಮಟ್ಸ್ ಏನು ಹೇಳಿದ ಗೊತ್ತೇ? ಇದು ನಮ್ಮ ದೇಶದ ಒಳಗಿನ ವಿಷಯ, ಹೊರಗಿನವರಿಗೆ ಸಂಬಂಧವಿಲ್ಲ ಎಂದ. ಊರ ಮಾತು ಊರಾಗೇ ಇರಲಿ! ಮಜಾ ಏನೆಂದರೆ ಮನುಷ್ಯನ ಮೂಲಭೂತ ಹಕ್ಕಿನ ಮಾತಾಡುವ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಮೊದಲ ಕರಡು ಬರೆದವನೂ ಇದೇ ಸ್ಮಟ್ಸ್. ಆದರೆ ಅವನ ವಾದ ನಿಲ್ಲಲಿಲ್ಲ. 1946ರ ಡಿಸೆಂಬರ್ 8ರಂದು ಸಾಮಾನ್ಯ ಸಭೆ ಭಾರತದ ಪರವಾಗಿ ನಿರ್ಣಯ ಮಾಡಿತು. ಒಂದು ಸರಕಾರ ತನ್ನ ನೆಲದ ಮೇಲಿನ ಜನರನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದು ಬರೀ ಒಳಗಿನ ವಿಷಯ ಅಲ್ಲ ಎಂಬ ಪಾಠವನ್ನು ಜಗತ್ತಿಗೆ ಕಲಿಸಿದ ದೇಶಗಳಲ್ಲಿ ಭಾರತ ಮೊದಲ ಸಾಲಿನಲ್ಲಿತ್ತು. ಇದು ಹೆಮ್ಮೆಯ ಮಾತೇ. ನಾವು ಕಿತ್ತುಕೊಳ್ಳುವುದಿಲ್ಲ.

ಅದೇ 1946ರಲ್ಲಿ ಬಾಬಾಸಾಹೇಬರು ಇನ್ನೊಂದು ಕಾಗದ ಬರೆದರು. ಅಮೆರಿಕದ ಕಪ್ಪು ಜನರ ವಿದ್ವಾಂಸ, ಹೋರಾಟಗಾರ ಡಬ್ಲ್ಯು.ಇ.ಬಿ. ಡು ಬೋಯಿಸ್ ಅವರಿಗೆ. ನಿಮ್ಮ ಕಪ್ಪು ಜನ ವಿಶ್ವಸಂಸ್ಥೆಗೆ ಅರ್ಜಿ ಕೊಟ್ಟಿದ್ದಾರೆಂದು ಓದಿದೆ, ಅದರ ಪ್ರತಿ ಕಳಿಸಿರಿ, ಭಾರತದ ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಎಂದು ಕೇಳಿದರು. ಡು ಬೋಯಿಸ್ ಜುಲೈ ಕೊನೆಗೆ ಉತ್ತರ ಬರೆದರು. ಇಪ್ಪತ್ತೊಂದು ವರ್ಷ ಹಿಂದೆ, 1925ರಲ್ಲಿ, ನಮ್ಮ ಸಂಕೇಶ್ವರದ ಆಚೆಗಿನ ನಿಪ್ಪಾಣಿಗೆ ಬಂದು ಬಹಿಷ್ಕೃತರ ಪರಿಷತ್ತಿನಲ್ಲಿ ಮಾತಾಡಿ ಹೋದ ಅದೇ ಮನುಷ್ಯ, ಕೇರಿಯ ದುಃಖವನ್ನು ನೇರ ಜಗತ್ತಿನ ಚಾವಡಿಗೆ ಒಯ್ಯುವ ಲೆಕ್ಕ ಹಾಕುತ್ತಿದ್ದರು. ಪರಿಶಿಷ್ಟ ಜಾತಿಗಳ ಸ್ಥಿತಿಯ ಮೇಲೆ ವರದಿಯನ್ನೂ ತಯಾರು ಮಾಡಿದರು. ಆದರೆ ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನುವುದನ್ನು 1951ರಲ್ಲಿ ಮಂತ್ರಿ ಪದವಿ ಬಿಟ್ಟಾಗ ಹೇಳಿದರು: ಸಂವಿಧಾನ ಸಭೆಗೆ ಮತ್ತು ಮುಂದೆ ಬರುವ ಪಾರ್ಲಿಮೆಂಟಿಗೆ ಒಂದು ಅವಕಾಶ ಕೊಟ್ಟು ನೋಡೋಣ ಎಂದು ತಡೆದೆ ಅಂತ.

ಅವಕಾಶ ಕೊಟ್ಟು ಎಷ್ಟು ವರ್ಷ ಆಯಿತು? ನೀವೇ ಎಣಿಸಿರಿ.

ಮುಂದೆ 1965. ವಿಶ್ವಸಂಸ್ಥೆಯಲ್ಲಿ ಜನಾಂಗೀಯ ತಾರತಮ್ಯದ ವಿರುದ್ಧ ಒಡಂಬಡಿಕೆ ಬರೆಯುತ್ತಿದ್ದರು. ಯಾವ ಯಾವ ಕಾರಣಕ್ಕೆ ಮನುಷ್ಯನನ್ನು ಕೀಳಾಗಿ ಕಾಣಬಾರದು ಎಂಬ ಪಟ್ಟಿ: ಜನಾಂಗ, ಬಣ್ಣ, ಹೀಗೆ. ಅದರಲ್ಲಿ ವಂಶಮೂಲ ಎಂಬ ಶಬ್ದವನ್ನು ಸೇರಿಸಿರಿ ಎಂದು ಸೂಚಿಸಿದ್ದು ಯಾರು? ಭಾರತ! ನಮ್ಮದೇ ಸರಕಾರದ ಪ್ರತಿನಿಧಿ. ವಂಶಮೂಲ ಅಂದರೆ ನಮ್ಮ ಮಾತಿನಲ್ಲಿ ಹುಟ್ಟು. ಯಾರ ಹೊಟ್ಟೆಯಲ್ಲಿ ಹುಟ್ಟಿದೆ, ಯಾವ ಕೇರಿಯಲ್ಲಿ ಹುಟ್ಟಿದೆ ಅನ್ನುವುದರ ಮೇಲೆ ಮನುಷ್ಯನನ್ನು ದೂರ ಇಡಬಾರದು. 1968ರ ಡಿಸೆಂಬರಿನಲ್ಲಿ ಭಾರತ ಈ ಒಡಂಬಡಿಕೆಯನ್ನು ಸ್ಥಿರೀಕರಿಸಿತು.

ಆಮೇಲೆ ಏನಾಯಿತು? ಈ ಒಡಂಬಡಿಕೆ ಕಾಯುವ ಹದಿನೆಂಟು ಜನರ ಸಮಿತಿ 1996ರಲ್ಲಿ ಕೇಳಿತು, ನಿಮ್ಮಲ್ಲಿ ಪರಿಶಿಷ್ಟ ಜಾತಿಯವರ ಗತಿ ಏನು? ಸರಕಾರ ಹೇಳಿತು, ಜಾತಿ ಅಂದರೆ ಜನಾಂಗ ಅಲ್ಲ, ಅದು ಈ ಒಡಂಬಡಿಕೆಯಲ್ಲಿ ಬರುವುದಿಲ್ಲ. ಸಮಿತಿ ಒಪ್ಪಲಿಲ್ಲ. ವಂಶಮೂಲ ಎಂಬ ಶಬ್ದ ಬರೀ ಜನಾಂಗಕ್ಕೆ ಸೀಮಿತ ಅಲ್ಲ, ಜಾತಿಯೂ ಅದರಲ್ಲಿ ಬರುತ್ತದೆ ಎಂದು ಬರೆಯಿತು. ತಾನೇ ನೆಟ್ಟ ಗಿಡದ ಮುಳ್ಳು ತನಗೇ ಚುಚ್ಚಿತು.

2001ರಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್ ಎಂಬ ಊರಿನಲ್ಲಿ ಜನಾಂಗೀಯತೆ ವಿರುದ್ಧ ವಿಶ್ವ ಸಮ್ಮೇಳನ ನಡೆಯಿತು. ಭಾರತದಿಂದ ನೂರಕ್ಕೂ ಹೆಚ್ಚು ದಲಿತರು ಹೋಗಿ ಜಾತಿಯ ಮಾತನ್ನು ಎತ್ತಿದರು, ಬೀದಿಯಲ್ಲಿ ತಮಟೆ ಬಾರಿಸಿದರು. ಸರಕಾರ ಪಟ್ಟು ಹಿಡಿದು ಜಾತಿಯ ಹೆಸರು ಅಂತಿಮ ಘೋಷಣೆಯಲ್ಲಿ ಬರದಂತೆ ನೋಡಿಕೊಂಡಿತು. 1946ರಲ್ಲಿ ಸ್ಮಟ್ಸ್ ಆಡಿದ ಮಾತನ್ನು, ಸ್ಮಟ್ಸನ ನೆಲದ ಮೇಲೆಯೇ ನಿಂತು, 2001ರಲ್ಲಿ ನಮ್ಮವರು ಆಡಿದರು. ಆಗ ದೆಲ್ಲಿಯಲ್ಲಿ ಒಂದು ಪಕ್ಷ, 1996ರಲ್ಲಿ ಬೇರೆ, 2007ರಲ್ಲಿ ಮತ್ತೊಂದು. ಪಕ್ಷ ಬದಲಾದರೂ ಪಾಠ ಬದಲಾಗಲಿಲ್ಲ.

2007ರ ಮಾತು ಇನ್ನೂ ಚಂದ. 2006ರ ಡಿಸೆಂಬರ್ 27ರಂದು ಪ್ರಧಾನಿ ಮನಮೋಹನ ಸಿಂಗ್ ದೆಲ್ಲಿಯ ಒಂದು ಸಭೆಯಲ್ಲಿ, ಅಸ್ಪೃಶ್ಯತೆಗೆ ಸರಿಸಮ ಏನಾದರೂ ಇದ್ದರೆ ಅದು ದಕ್ಷಿಣ ಆಫ್ರಿಕಾದ ವರ್ಣಭೇದ ಮಾತ್ರ ಎಂಬ ಅರ್ಥದ ಮಾತಾಡಿದರು. ನಾವೂ ಚಪ್ಪಾಳೆ ತಟ್ಟಿದೆವು. ಎರಡೇ ತಿಂಗಳಿಗೆ, ಫೆಬ್ರವರಿಯಲ್ಲಿ, ಜಿನೀವಾದಲ್ಲಿ ಅವರದೇ ಸರಕಾರದ ಅಧಿಕಾರಿಗಳು ಜಾತಿಗೂ ಈ ಒಡಂಬಡಿಕೆಗೂ ಸಂಬಂಧವಿಲ್ಲ ಎಂದರು. ಕೊಟ್ಟ ವರದಿಯಲ್ಲಿ ಪರಿಶಿಷ್ಟರ ವಿವರವೇ ಇಲ್ಲ. ಬೇಕಿದ್ದರೆ ಸೌಜನ್ಯಕ್ಕಾಗಿ ಮಾಹಿತಿ ಕೊಡುತ್ತೇವೆ, ಹೊಣೆ ಎಂದು ಅಲ್ಲ, ಎಂದು ಬರೆದಿದ್ದರು. ಸೌಜನ್ಯ! ಇಪ್ಪತ್ತು ಕೋಟಿ ಮನುಷ್ಯರ ಲೆಕ್ಕ ಕೊಡುವುದು ಸೌಜನ್ಯವಂತೆ. ಮದುವೆಮನೆಯಲ್ಲಿ ಉಂಡು ಉಳಿದದ್ದನ್ನು ಕೇರಿಗೆ ಕಳಿಸುವವರೂ ಇದೇ ಶಬ್ದ ಬಳಸುತ್ತಾರೆ.

ಅಷ್ಟಾದರೂ ಆ ಸಮಿತಿ ಸುಮ್ಮನೆ ಕೂಡಲಿಲ್ಲ. ಯಾಕೆಂದರೆ ಅದರ ಮೇಜಿನ ಮೇಲೆ ಸರಕಾರದ ವರದಿ ಒಂದೇ ಇರಲಿಲ್ಲ. ದಲಿತ ಸಂಘಟನೆಗಳು ಬರೆದ ವರದಿ ಇತ್ತು. ಹ್ಯೂಮನ್ ರೈಟ್ಸ್ ವಾಚ್ ಎಂಬ ಸಂಸ್ಥೆಯ ದಪ್ಪ ವರದಿ ಇತ್ತು. ಇವಕ್ಕೆ ನೆರಳು ವರದಿ ಅನ್ನುತ್ತಾರೆ. ಸರಕಾರ ಬೆಳಕಿನಲ್ಲಿ ತೋರಿಸಿದ್ದರ ನೆರಳು ಎಲ್ಲಿ ಬಿದ್ದಿದೆ ಎಂದು ತೋರಿಸುವ ಕಾಗದ. ಅದನ್ನು ಓದಿದ ಸಮಿತಿ ಸಾಲು ಸಾಲಾಗಿ ಬರೆಯಿತು: ಬಹಿಷ್ಕಾರ, ಕೊಲೆ, ಅತ್ಯಾಚಾರ, ಮಲ ಹೊರುವುದು, ದಾಖಲಾಗದ ಕೇಸು. ಅದರಲ್ಲಿ ಒಂದು ಪ್ಯಾರಾ ನೇರ ನಮ್ಮ ಮೂರು ತಾಲೂಕಿನ ಎದೆಗೆ ಬಂದು ಬಡಿಯುತ್ತದೆ. ಕಾನೂನಿನಲ್ಲಿ ನಿಷೇಧ ಇದ್ದರೂ ಹೆಚ್ಚಾಗಿ ದಲಿತ ಹೆಣ್ಣುಮಕ್ಕಳನ್ನೇ ದೇವರಿಗೆ ಬಿಟ್ಟು ಅವರ ಮೈಯನ್ನು ಬಳಸಿಕೊಳ್ಳುವ ದೇವದಾಸಿ ಪದ್ಧತಿ ಕೆಲವು ರಾಜ್ಯಗಳಲ್ಲಿ ಉಳಿದಿದೆ, ಇದು ಕಳವಳದ ಸಂಗತಿ, ಆ ಕಾನೂನನ್ನು ಸರಿಯಾಗಿ ಜಾರಿ ಮಾಡಿರಿ, ಅಂತ.

ಗೋಕಾಕಕ್ಕೆ ಬರುವ ಮಂದಿ ಫಾಲ್ಸ್ ನೋಡುತ್ತಾರೆ, ಕರದಂಟು ಕಟ್ಟಿಸಿಕೊಂಡು ಹೋಗುತ್ತಾರೆ. ಬೆಂಗಳೂರಿನವರಿಗೆ ಗೋಕಾಕ ಅಂದರೆ ಭಾಷೆಯ ಚಳವಳಿ ನೆನಪು. ಅದು ವಿ.ಕೃ. ಗೋಕಾಕರ ಹೆಸರಿನ ವರದಿಯಿಂದ ಬಂದದ್ದು, ನಮ್ಮೂರಿಗೆ ಸಂಬಂಧವಿಲ್ಲ. ನಮ್ಮ ಊರಿನ ಸಂಬಂಧ ಇರುವುದು ಸವದತ್ತಿ ಗುಡ್ಡದ ಹುಣ್ಣಿಮೆಗಳಿಗೆ. ಉಧೋ ಉಧೋ ಎಂದು ಕೂಗುತ್ತ ಚಕ್ಕಡಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಏರಿಕೊಂಡು ಹೋದವರಲ್ಲಿ ನಮ್ಮ ಹೊಲಗೇರಿ, ಮಾದಿಗರ ಕೇರಿ, ಸಮಗಾರ ಓಣಿಯ ಎಷ್ಟು ಹುಡುಗಿಯರು ಕೊರಳಲ್ಲಿ ಕೆಂಪು ಬಿಳಿ ಮುತ್ತು ಕಟ್ಟಿಕೊಂಡು ಮರಳಿ ಬಂದರು! ಮನೆಯಲ್ಲಿ ಗಂಡುಮಕ್ಕಳಿಲ್ಲ, ಅದಕ್ಕೆ ಮುತ್ತು. ತಲೆಯಲ್ಲಿ ಜಡೆ ಬಿತ್ತು, ಅದಕ್ಕೆ ಮುತ್ತು. ಮೈಯಲ್ಲಿ ಹುಣ್ಣು ಎದ್ದವು, ಅದಕ್ಕೆ ಮುತ್ತು. ದೇವಿಗೆ ಬೇಕಾದದ್ದು ಕೇರಿಯ ಹುಡುಗಿಯೇ, ಗೌಡರ ಮಗಳಲ್ಲ ಅನ್ನುವುದನ್ನು ಯಾವ ಪೂಜಾರಿಯೂ ಬಿಡಿಸಿ ಹೇಳಲಿಲ್ಲ. ಹೆಸರಿಗೆ ದೇವಿಯ ಮಗಳು. ರಾತ್ರಿ ಊರ ಉಳ್ಳವರದು. ವಯಸ್ಸು ಸಂದಮೇಲೆ ಜೋಳಿಗೆ, ಪಡ್ಡಲಗಿ. ಎಷ್ಟೋ ಮಂದಿ ಸಾಂಗಲಿ, ಪುಣೆ, ಮುಂಬೈ ಬೀದಿಗಳಲ್ಲಿ ಹೆಸರು ಕಳಕೊಂಡರು.

ಇದರ ವಿರುದ್ಧ ಕಾನೂನು ಇರಲಿಲ್ಲವೇ? ಇತ್ತು. ನಮ್ಮದು ಆಗ ಮುಂಬೈ ಪ್ರಾಂತ. ಅಲ್ಲಿ 1934ರಲ್ಲೇ ದೇವದಾಸಿ ರಕ್ಷಣೆಯ ಕಾನೂನು ಆಯಿತು. ಆಮೇಲೆ ಕರ್ನಾಟಕ ಸರಕಾರ 1982ರಲ್ಲಿ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಮಾಡಿತು. ಮುತ್ತು ಕಟ್ಟಿದವರಿಗೆ ಮೂರು ವರ್ಷದವರೆಗೆ, ತಂದೆತಾಯಿಯೇ ಕಟ್ಟಿಸಿದರೆ ಐದು ವರ್ಷದವರೆಗೆ ಜೈಲು. ಎರಡು ಕಾನೂನಿನ ನಡುವೆ ನಲವತ್ತೆಂಟು ವರ್ಷ. ಅದಾದಮೇಲೂ ಸರಕಾರವೇ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಮಾಡಿಸಿದ ಗಣತಿಗಳಲ್ಲಿ ಸಿಕ್ಕ ದೇವದಾಸಿಯರು ಒಟ್ಟು 46,660 ಮಂದಿ. ಪಟ್ಟಿಗೆ ಬಾರದವರು ಬೇರೆ.

1982ರ ಕಾನೂನಿನ ಒಂದು ಗುಣ ನೋಡಿರಿ. ಮುತ್ತು ಕಟ್ಟಿಸಿದ ಬಡ ತಾಯಿಗೆ ಹೆಚ್ಚಿನ ಶಿಕ್ಷೆ. ಆ ಹುಡುಗಿಯನ್ನು ಇಟ್ಟುಕೊಂಡ ಗೌಡನ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಸಮರ್ಪಣೆ ಅಪರಾಧ, ಸಮರ್ಪಣೆಯ ಫಲ ಉಂಡದ್ದು ಅಪರಾಧ ಅಲ್ಲ! ಇಂಥ ಕಾನೂನನ್ನು ಜಾರಿ ಮಾಡಲು ಹೊರಟರೆ ಪೊಲೀಸರು ಬರುವುದು ಮತ್ತೆ ನಮ್ಮ ಕೇರಿಗೇ. ಅದಕ್ಕೇ ಕೇರಿಯವರೂ ಮುಚ್ಚಿಟ್ಟರು. ಮೊದಲು ಗುಡ್ಡದ ಮೇಲೆ ಬಹಿರಂಗ ಕಟ್ಟುತ್ತಿದ್ದರು, ಆಮೇಲೆ ಮನೆಯ ಒಳಗೆ ಕದ ಹಾಕಿಕೊಂಡು ಕಟ್ಟಿದರು. ಊರ ಮಾತು ಊರಾಗೇ ಉಳಿಯಿತು.

ಜಿನೀವಾಕ್ಕೆ ಹೋಗುವ ಸರಕಾರಿ ವರದಿಯಲ್ಲಿ ಇದು ಏನಾಗಿ ಕಾಣುತ್ತದೆ? 'ಕಾನೂನು ಇದೆ' ಎಂಬ ಒಂದು ಸಾಲು. ನಮ್ಮ ಸರಕಾರಕ್ಕೆ ಕಾನೂನಿನ ಬಡತನ ಯಾವತ್ತೂ ಇಲ್ಲ. ಸಂವಿಧಾನದ 17ನೆಯ ವಿಧಿ ಇದೆ, 1955ರ ಅಸ್ಪೃಶ್ಯತಾ ಕಾಯಿದೆ ಇದೆ, 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ಪಟ್ಟಿ ಓದಿದರೆ ಹೊರಗಿನವರು ದಂಗಾಗಬೇಕು. ಆ ಪಟ್ಟಿಗೂ ಕೇರಿಗೂ ನಡುವಿನ ಅಂತರವನ್ನು ಸರಕಾರ ತಾನಾಗಿ ಬರೆಯುವುದಿಲ್ಲ. ಅದನ್ನು ಬರೆಯಬೇಕಾದವರು ಯಾರು ಅನ್ನುವುದೇ ಈ ಲೇಖನದ ಪ್ರಶ್ನೆ.

ಇಲ್ಲಿ ಘಟಪ್ರಭೆಯ ಅವ್ವಂದಿರ ಮಾತು ಹೇಳಬೇಕು. ಗೋಕಾಕ ತಾಲೂಕಿನ ಘಟಪ್ರಭಾದಲ್ಲಿ 1997ರಲ್ಲಿ ಮಾಜಿ ದೇವದಾಸಿಯರೇ ಸೇರಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಕಟ್ಟಿದರು. ಜನ ಅದನ್ನು ಮಾಸ್ ಅನ್ನುತ್ತಾರೆ. ಏಳನೆಯ ವಯಸ್ಸಿಗೆ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿ ಅದರ ಮುಂದಾಳು. ಇವರು ಊರೂರು ತಿರುಗಿ, ಯಾವ ಮನೆಯಲ್ಲಿ ಮುತ್ತು ಕಟ್ಟುವ ಮಾತು ನಡೆದಿದೆ ಎಂದು ಪತ್ತೆ ಹಚ್ಚಿ, ಹೋಗಿ ಕುಂತು, ಬೈದು, ಅತ್ತು, ತಡೆದರು. ಕೇಸು ಹಾಕುವ ಮೊದಲು ಎದುರಿಗೆ ಕುಂತು ತಮ್ಮ ಮೈಯ ಕಥೆ ಹೇಳಿದರು. ಸ್ವಸಹಾಯ ಗುಂಪು ಮಾಡಿದರು, ಮಕ್ಕಳನ್ನು ಸಾಲಿಗೆ ಹಾಕಿದರು. 2018ರಲ್ಲಿ ಸೀತವ್ವನಿಗೆ ಪದ್ಮಶ್ರೀ ಬಂತು. ಪ್ರಶಸ್ತಿಗಳ ಬಗ್ಗೆ ನಮ್ಮ ಅನುಮಾನ ನಮಗೆ ಇದ್ದದ್ದೇ. ಆದರೆ ಆ ದಿನ ದೆಲ್ಲಿಯಲ್ಲಿ ನಡೆದು ಹೋದದ್ದು ಇಲ್ಲಿನ ಕೇರಿಯ ಹೆಣ್ಣು, ಅಷ್ಟು ಮಾತ್ರ ಸತ್ಯ.

ಈ ಅವ್ವಂದಿರು ಮಾಡಿದ ಕೆಲಸವನ್ನು ಜಿನೀವಾದ ಯಾವ ಪ್ಯಾರಾ ಕೂಡ ಮಾಡಲಾರದು. ಇದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಹಾಗಾದರೆ ಆ ಕಾಗದ ಬೇಡವೇ? ಬೇಕು. ಯಾಕೆ ಬೇಕು ಅನ್ನುವುದಕ್ಕೆ ರಾಜಸ್ಥಾನದ ಒಂದು ಕಥೆ ಕೇಳಿರಿ.

ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬ ಕುಂಬಾರ ಜಾತಿಯ ಹೆಣ್ಣುಮಗಳು ಸರಕಾರದ ಪರವಾಗಿ ಬಾಲ್ಯವಿವಾಹ ತಡೆಯುವ ಕೆಲಸ ಮಾಡುತ್ತಿದ್ದಳು. ಅದರ ಸಿಟ್ಟಿಗೆ 1992ರಲ್ಲಿ ಮೇಲ್ಜಾತಿಯವರು ಅವಳ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. 1995ರಲ್ಲಿ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಹೆಂಗಸರ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. ಕೆಲಸದ ಜಾಗದಲ್ಲಿ ಹೆಣ್ಣಿನ ಮೇಲಿನ ಲೈಂಗಿಕ ಹಿಂಸೆ ತಡೆಯಲು ಆಗ ನಮ್ಮ ದೇಶದಲ್ಲಿ ಕಾನೂನೇ ಇರಲಿಲ್ಲ. ಆದರೆ 1993ರಲ್ಲಿ ಭಾರತ ಹೆಣ್ಣುಮಕ್ಕಳ ವಿರುದ್ಧದ ತಾರತಮ್ಯ ನಿವಾರಣೆಯ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಒಪ್ಪಿತ್ತು. ಸುಪ್ರೀಂ ಕೋರ್ಟು 1997ರ ವಿಶಾಖಾ ತೀರ್ಪಿನಲ್ಲಿ ಆ ಕಾಗದವನ್ನು ಎತ್ತಿ ಹಿಡಿಯಿತು. ನೀವು ಇದಕ್ಕೆ ಒಪ್ಪಿಗೆ ಕೊಟ್ಟಿದ್ದೀರಲ್ಲ, ಕಾನೂನು ಬರುವವರೆಗೆ ಇವೇ ನಿಯಮ ಎಂದು ಆಜ್ಞೆ ಮಾಡಿತು. 2013ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಇಂದು ಯಾವುದೇ ಕಚೇರಿಯ ಗೋಡೆಯ ಮೇಲೆ ದೂರು ಸಮಿತಿಯ ಹೆಸರು ಕಂಡರೆ ಅದರ ಹಿಂದೆ ಭಂವರಿಯ ರಕ್ತವೂ ಇದೆ, ಆ ಸಹಿ ಮಾಡಿದ ಕಾಗದವೂ ಇದೆ. ಅವಳಿಗೆ ಮಾತ್ರ ನ್ಯಾಯ ಸಿಗಲಿಲ್ಲ. ಕಾಗದದ ಶಕ್ತಿ ಎಷ್ಟು, ಅಶಕ್ತಿ ಎಷ್ಟು, ಎರಡೂ ಈ ಒಂದು ಕಥೆಯಲ್ಲಿ ಇವೆ. ಅಂದಹಾಗೆ ಹೆಂಗಸರ ಈ ಒಡಂಬಡಿಕೆಯ ಸಮಿತಿ ಕೂಡ 2000ದಲ್ಲಿ ಭಾರತದ ವರದಿ ನೋಡಿ ವರದಕ್ಷಿಣೆ, ಸತಿ ಇವುಗಳ ಜೊತೆ ದೇವದಾಸಿ ಪದ್ಧತಿಯ ಹೆಸರು ಎತ್ತಿತ್ತು.

ಬಾಗಿಲುಗಳ ಮಾತಿಗೆ ಬರೋಣ. ಕೆಲವನ್ನು ನಮ್ಮ ಸರಕಾರ ಚಿಲಕ ಹಾಕಿ ಇಟ್ಟಿದೆ. ಜನಾಂಗೀಯ ತಾರತಮ್ಯದ ಒಡಂಬಡಿಕೆಯ 14ನೆಯ ಕಲಮಿನ ಪ್ರಕಾರ ಒಬ್ಬ ವ್ಯಕ್ತಿ ನೇರವಾಗಿ ಸಮಿತಿಗೆ ದೂರು ಕೊಡಬಹುದು, ಆದರೆ ಅವನ ಸರಕಾರ ಅದಕ್ಕೆ ಮೊದಲು ಒಪ್ಪಿರಬೇಕು. ಭಾರತ ಒಪ್ಪಿಲ್ಲ. ಹಾಗಾಗಿ ಹುಕ್ಕೇರಿಯ ಒಬ್ಬ ಅವ್ವ ಆ ಸಮಿತಿಗೆ ಕೇಸು ಹಾಕಲು ಬರುವುದಿಲ್ಲ. ಚಿತ್ರಹಿಂಸೆಯ ವಿರುದ್ಧದ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದರು, ಸ್ಥಿರೀಕರಿಸಲೇ ಇಲ್ಲ. ಜನಾಂಗೀಯ ಸಮಿತಿಗೆ 2010ರ ಜನವರಿಗೆ ಮುಂದಿನ ವರದಿ ಕೊಡಬೇಕಿತ್ತು. ಹತ್ತು ವರ್ಷ ದಾಟಿದರೂ ಕೊಡಲಿಲ್ಲ. ಪರೀಕ್ಷೆಗೇ ಕೂಡದವನು ನಪಾಸಾಗುವುದು ಹೇಗೆ?

ಇನ್ನೊಂದು ಉದಾಹರಣೆ. ದಲಿತರ ಪರವಾಗಿ ಕೆಲಸ ಮಾಡುವ ಅಂತರರಾಷ್ಟ್ರೀಯ ದಲಿತ ಐಕ್ಯತಾ ಜಾಲ ಎಂಬ ಸಂಘಟನೆ ವಿಶ್ವಸಂಸ್ಥೆಯೊಳಗೆ ಕುಂತು ಮಾತಾಡುವ ಮಾನ್ಯತೆ ಕೇಳಿ ಅರ್ಜಿ ಹಾಕಿತು. 2008ರಿಂದ ಆ ಅರ್ಜಿ ನೇತಾಡಿತು. ಪ್ರತಿ ಸಲವೂ ಭಾರತದ ಪ್ರತಿನಿಧಿಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಮುಂದೂಡಿಸಿದರು. 2022ರ ಡಿಸೆಂಬರಿನಲ್ಲಿ ಮತಕ್ಕೆ ಹಾಕಿ ಗೆದ್ದಾಗಲೇ ಮಾನ್ಯತೆ ಸಿಕ್ಕಿತು. ತಾಲೂಕು ಕಚೇರಿಯಲ್ಲಿ ಜಾತಿ ಪ್ರಮಾಣಪತ್ರಕ್ಕೆ ಅಲೆದವರಿಗೆ ಈ ವಿದ್ಯೆ ಹೊಸದೇನಲ್ಲ. ನಾಳೆ ಬಾ, ಇನ್ನೊಂದು ಕಾಗದ ತಾ.

ತೆರೆದ ಬಾಗಿಲುಗಳೂ ಇವೆ. 2008ರಿಂದ ಪ್ರತಿ ದೇಶವನ್ನೂ ನಾಲ್ಕೈದು ವರ್ಷಕ್ಕೊಮ್ಮೆ ಉಳಿದ ದೇಶಗಳು ಕೂಡಿಸಿ ಕೇಳುವ ಪದ್ಧತಿ ಶುರುವಾಗಿದೆ. ಭಾರತದ ಸರದಿ 2008, 2012, 2017, 2022ರಲ್ಲಿ ಬಂತು. ಇದು ಎಲ್ಲ ಸದಸ್ಯ ಸರಕಾರಗಳಿಗೂ ಅನ್ವಯಿಸುತ್ತದೆ, ಅದೇ ಇದರ ಗುಣ. ಅಲ್ಲಿ ಮೂರು ಕಾಗದ ಇಡುತ್ತಾರೆ: ಒಂದು ಸರಕಾರದ್ದು, ಒಂದು ವಿಶ್ವಸಂಸ್ಥೆಯದು, ಮೂರನೆಯದು ಸಂಘ ಸಂಸ್ಥೆಗಳು ಕಳಿಸಿದ ಮಾತುಗಳ ಸಾರಾಂಶ. ಆ ಮೂರನೆಯ ಕಾಗದಕ್ಕೆ ಯಾವ ಸಂಘಟನೆಯಾದರೂ ಬರೆದು ಕಳಿಸಬಹುದು. ದೊಡ್ಡ ಮಾನ್ಯತೆ ಬೇಕಾಗಿಲ್ಲ. ಹಾಗೆಯೇ ವಿಶ್ವಸಂಸ್ಥೆ ನೇಮಿಸಿದ ವಿಶೇಷ ವರದಿಗಾರರು ಇದ್ದಾರೆ, ಗುಲಾಮಗಿರಿಗೆ ಒಬ್ಬರು, ಹೆಣ್ಣಿನ ಮೇಲಿನ ಹಿಂಸೆಗೆ ಒಬ್ಬರು, ಅಲ್ಪಸಂಖ್ಯಾತರಿಗೆ ಒಬ್ಬರು. ಅವರಿಗೆ ಯಾರು ಬೇಕಾದರೂ ಬರೆಯಬಹುದು, ಸರಕಾರದ ಒಪ್ಪಿಗೆ ಬೇಡ. ಅವರು ಸರಕಾರಕ್ಕೆ ಕಾಗದ ಬರೆದು ಉತ್ತರ ಕೇಳುತ್ತಾರೆ. 2016ರಲ್ಲಿ ಅಲ್ಪಸಂಖ್ಯಾತರ ವರದಿಗಾರ್ತಿ ರೀಟಾ ಇಜಾಕ್ ಇಡೀ ವರದಿಯನ್ನು ಜಾತಿಯ ಮೇಲೆಯೇ ಬರೆದರು. ಭಾರತ ಮುನಿಸಿಕೊಂಡಿತು. ಮುನಿಸಿಕೊಂಡರೆ ತಾಗಿದೆ ಎಂದೇ ಅರ್ಥ.

ದೇಶದ ಮಾನ ಹೊರಗೆ ಹರಾಜು ಹಾಕುತ್ತೀರಿ ಅನ್ನುವ ದೇಶಭಕ್ತರಿಗೆ ಒಂದೇ ಪ್ರಶ್ನೆ: 1946ರಲ್ಲಿ ಡರ್ಬನ್ನಿನ ಗುಜರಾತಿ ವ್ಯಾಪಾರಿಯ ಮಾನಕ್ಕಾಗಿ ಹೊರಗೆ ಹೋದದ್ದು ಸರಿ ಆದರೆ, ಕೇರಿಯ ಹುಡುಗಿಯ ಮಾನಕ್ಕಾಗಿ ಹೊರಗೆ ಹೋದದ್ದು ತಪ್ಪು ಹೇಗೆ? ಇನ್ನು ನಮ್ಮ ಒಳಗಿನ ಸಂಗಾತಿಗಳು. ಇದೆಲ್ಲ ವಿಮಾನದಲ್ಲಿ ತಿರುಗುವ, ಇಂಗ್ಲಿಷ್ ಬಲ್ಲ ಸಂಸ್ಥೆಯವರ ಆಟ, ಬೀದಿಯ ಹೋರಾಟ ಮೆತ್ತಗಾಗುತ್ತದೆ ಎಂದು ಅವರ ವಾದ. ಅದರಲ್ಲಿ ಅರ್ಧ ನಿಜ ಇದೆ, ನಾವೂ ಕಂಡಿದ್ದೇವೆ. ಕೇರಿಗೆ ಒಮ್ಮೆಯೂ ಬಾರದವರು ಕೇರಿಯ ಪರವಾಗಿ ಬರೆದದ್ದನ್ನು ಓದಿದ್ದೇವೆ. ಆದರೆ ಅದಕ್ಕೆ ಔಷಧ ಬರೆಯುವುದನ್ನು ಬಿಡುವುದು ಅಲ್ಲ, ನಾವೇ ಬರೆಯುವುದು. ದಕ್ಷಿಣ ಆಫ್ರಿಕಾದ ಬಾಗಿಲನ್ನು ವಿಶ್ವಸಂಸ್ಥೆಯಲ್ಲಿ 1946ರಿಂದ ತಟ್ಟಿದರು, ಮಂಡೇಲಾ ಅಧ್ಯಕ್ಷ ಆದದ್ದು 1994ರಲ್ಲಿ. ನಲವತ್ತೆಂಟು ವರ್ಷ. ಹೊರಗಿನಿಂದ ತಟ್ಟಿದ್ದಕ್ಕೇ ಬಾಗಿಲು ಬಿತ್ತು ಅನ್ನುವುದು ಸುಳ್ಳು, ಒಳಗಿನವರು ಗುಂಡು ತಿಂದು ಒದ್ದಿದ್ದಕ್ಕೆ ಬಿತ್ತು. ಹೊರಗೆ ಯಾರೂ ತಟ್ಟದಿದ್ದರೆ ಒಳಗೆ ಒದೆಯುವವರ ಸದ್ದು ಯಾರಿಗೂ ಕೇಳುತ್ತಿರಲಿಲ್ಲ, ಇದೂ ನಿಜ.

2025ರಲ್ಲಿ ಕರ್ನಾಟಕದ ವಿಧಾನಮಂಡಲ ದೇವದಾಸಿ ಪದ್ಧತಿಯ ಮೇಲೆ ಹೊಸ ಮಸೂದೆ ಅಂಗೀಕರಿಸಿತು. ದೇವದಾಸಿಯ ಮಕ್ಕಳು ತಂದೆ ಯಾರೆಂದು ಗುರುತಿಸಲು ಕೇಳುವ, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕಿನ ಮಾತು ಅದರಲ್ಲಿ ಬಂದಿದೆ. 1982ರಲ್ಲಿ ಕಾಣದ ಗೌಡ ಈಗ ಕಾಗದದ ಮೇಲೆ ಕಾಣತೊಡಗಿದ್ದಾನೆ. ಸಾಲಿಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಬಿಟ್ಟು ಮಾಸ್ತರರ ಎದುರು ತಲೆ ತಗ್ಗಿಸಿ ನಿಂತ ನಮ್ಮ ಎಷ್ಟೋ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ಈ ಕಾನೂನಿನ ಹೆಸರೂ ಮುಂದಿನ ಸಲ ಸರಕಾರದ ವರದಿಯಲ್ಲಿ ಮಿಂಚುತ್ತದೆ, ಬರೆದಿಟ್ಟುಕೊಳ್ಳಿರಿ. ಎಷ್ಟು ಮಕ್ಕಳು ಅರ್ಜಿ ಹಾಕಿದರು, ಎಷ್ಟು ಗೌಡರು ಕೋರ್ಟಿನ ಮೆಟ್ಟಿಲು ಹತ್ತಿದರು, ಅರ್ಜಿ ಹಾಕಿದ ಹುಡುಗನ ಮನೆಗೆ ಯಾರು ಬಂದು ಏನು ಹೇಳಿದರು, ಇದು ಆ ವರದಿಯಲ್ಲಿ ಇರುವುದಿಲ್ಲ.

ನಮ್ಮ ಒಂದು ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ಹಿಂದೆ ಕುಂತಿದ್ದ ಒಬ್ಬ ಮುದುಕಿ, ಕೊರಳಲ್ಲಿ ಮುತ್ತು ಬಿಚ್ಚಿದ ಗುರುತು ಇನ್ನೂ ಇತ್ತು, ಕೇಳಿದಳು: "ಅಲ್ಲಿ ಮಂದಿಗೆ ನಮ್ಮ ಮಾತು ತಿಳೀತೈತೇನು?" ತಿಳಿಯುವ ಹಾಗೆ ನಾವು ಬರೆಸುತ್ತೇವೆ ಅವ್ವಾ ಎಂದೆವು. "ಹಂಗಾದ್ರ ನನ್ನ ಹೆಸರು ಬ್ಯಾಡ. ನನ್ನ ಲೆಕ್ಕ ಬರೀರಿ" ಅಂದಳು.

ಅದರಂತೆ ಕೇರಿ ಕೇರಿಯ ಲೆಕ್ಕ ಬರೆಯುವುದೆಂದು ತೀರ್ಮಾನ ಆಗಿದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಸಂಗಾತಿಗಳು ಮುಂದಿನ ಸಭೆಗೆ ಬರುವಾಗ ಒಂದು ಹಾಳೆಯಲ್ಲಿ ಇಷ್ಟು ಬರೆದು ತರಬೇಕು: ನಿಮ್ಮ ಊರಲ್ಲಿ ಗಣತಿಗೆ ಸಿಗದೆ ಉಳಿದ ದೇವದಾಸಿ ತಾಯಂದಿರು ಎಷ್ಟು, ಮಾಸಾಶನ ಬರದವರು ಎಷ್ಟು, ಚಹಾದಂಗಡಿಯಲ್ಲಿ ಬೇರೆ ಕಪ್ಪು ಇದೆಯೋ ಇಲ್ಲವೋ, ಕೊಟ್ಟ ದೂರಿನಲ್ಲಿ ಎಷ್ಟನ್ನು ಠಾಣೆ ದಾಖಲು ಮಾಡಿತು, ಎಷ್ಟನ್ನು ಕಟ್ಟೆಯ ಮೇಲೆ ಕುಂತು ಬಗೆಹರಿಸಿದರು. ಹೆಸರು ಬೇಡ. ಊರು, ವರ್ಷ, ಸಂಖ್ಯೆ ಸಾಕು. ಬರೆಯಲು ಬಾರದವರು ಸಾಲಿಗೆ ಹೋಗುವ ಮಕ್ಕಳ ಕೈಯಿಂದ ಬರೆಸಿರಿ. ಪೆನ್ಸಿಲಿನಲ್ಲಿ ಬೇಡ, ಅಳಿಸಿಹೋಗುತ್ತದೆ.